ಬಿಸಿಲಿನ ಹಗೇವು

ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸಿಕೊಂಡವರನ್ನು ಜನ ಕೇಳುವ ಮೊದಲ ಪ್ರಶ್ನೆ ಒಂದೇ: “ಏನೇನು ನಡೀತದ್ರಿ?” ಐದು ವರ್ಷಗಳಿಂದ ಈ ಪ್ರಶ್ನೆಯನ್ನು ಕೋರ್ಟಿನ ಆವರಣದಲ್ಲಿ, ಮದುವೆಯ ಪಂಕ್ತಿಯಲ್ಲಿ, ಅಕ್ಕಲಕೋಟದಿಂದ ಊರಿಗೆ ಮರಳುವ ಬಸ್ಸಿನಲ್ಲಿ ನಾನು ಎದುರಿಸುತ್ತ ಬಂದಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರು ನಮ್ಮಂತೆಯೇ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುವವರು. ಸಂಜೆ ಲೈನು ಹೋದರೆ ಮಗುವಿನ ಪುಸ್ತಕ ಮುಚ್ಚಿಹೋಗುತ್ತದೆ ಎಂಬ ಚಿಂತೆಯುಳ್ಳವರು. ಅವರಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿ ಕಳಿಸಲು ಬರುವುದಿಲ್ಲ. ‘ಎಲ್ಲವೂ ನಡೆಯುತ್ತದೆ’ ಎಂದರೆ ಸುಳ್ಳು. ‘ದೀಪ, ಫ್ಯಾನು ಅಷ್ಟೆ’ ಎಂದರೆ ಅದೂ ಪೂರ್ತಿ ನಿಜವಲ್ಲ. ಆದ್ದರಿಂದ ನಮ್ಮ ಮನೆಯ ಲೆಕ್ಕವನ್ನೇ ಇಲ್ಲಿ ಬಿಚ್ಚಿಡುತ್ತೇನೆ.

ನಮ್ಮ ಮನೆ ಊರ ಅಂಚಿನಲ್ಲಿ, ಹೊಲದಲ್ಲಿದೆ. ಬಾವಿಯ ಪಂಪುಗಳಿಗೆ ಹೋಗುವ ಲೈನಿನಿಂದಲೇ ನಮಗೂ ವಿದ್ಯುತ್ತು ಬರುತ್ತದೆ. ಪಂಪುಗಳಿಗೆ ಸರದಿ ಇದ್ದಂತೆ ನಮ್ಮ ದೀಪಗಳಿಗೂ ಸರದಿ. ಮರಾಠಿಯಿಂದ ಬಂದು ನಮ್ಮ ಬಾಯಲ್ಲಿ ಕನ್ನಡದ್ದೇ ಆಗಿಹೋಗಿರುವ ‘ಭಾರನಿಯಮನ’ ಎಂಬ ಶಬ್ದವನ್ನು ನನ್ನ ಮಗ ಶಾಲೆಗೆ ಹೋಗುವ ಮೊದಲೇ ಕಲಿತಿದ್ದ. ಮನೆಯಲ್ಲಿ ನಾವು ಐವರು. ಎಪ್ಪತ್ತು ದಾಟಿದ ತಾಯಿ, ಹೆಂಡತಿ, ನಾನು, ಈ ವರ್ಷ ಹತ್ತನೆಯ ತರಗತಿಯಲ್ಲಿರುವ ಮಗಳು, ಆರನೆಯ ತರಗತಿಯ ಮಗ. ತಾಯಿಗೆ ಬಹುಕಾಲದಿಂದ ದಮ್ಮಿನ ವ್ಯಾಧಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೆಬ್ಯುಲೈಸರ್ ಹಚ್ಚಿ ಔಷಧವನ್ನು ಉಸಿರಿನೊಳಗೆ ತೆಗೆದುಕೊಳ್ಳಬೇಕೆಂದು ವೈದ್ಯರು ಹೇಳಿದ್ದಾರೆ. ಮಗಳ ಓದು, ತಾಯಿಯ ಉಸಿರು, ಈ ಎರಡಕ್ಕಾಗಿಯೇ ನಾವು ಸೌರ ವಿದ್ಯುತ್ತಿನ ಯೋಚನೆ ಮಾಡಿದ್ದು. ಕರೆಂಟ್ ಬಿಲ್ಲು ಉಳಿಸುವುದಕ್ಕಾಗಿ ಅಲ್ಲ.

ಕೊಳ್ಳಲು ಹೋದ ಅಂಗಡಿಯವರು ಬಹಳ ಉದಾರವಾಗಿ ಮಾತನಾಡಿದರು. “ಎಲ್ಲಾ ನಡೀತದ್ರಿ ವಕೀಲಸಾಹೇಬ್ರ. ಫ್ರಿಜ್ಜು, ಮಿಕ್ಸರು, ಗೀಝರು, ಏನ್ ಬೇಕಾದ್ದು ಹಚ್ರಿ.” ನಾನು ಪೆನ್ನು ತೆಗೆದು ಅವರ ಮುಂದಿಟ್ಟು, ಈ ‘ಎಲ್ಲಾ’ ಎಂಬುದನ್ನು ಬಿಲ್ಲಿನ ಹಿಂದೆ ಬರೆದು ಸಹಿ ಮಾಡಿಕೊಡಿ ಎಂದೆ. ವೃತ್ತಿಯ ಚಾಳಿ. ಅವರು ನಕ್ಕರು, ತಲೆ ಕೆರೆದುಕೊಂಡರು, ಬರೆಯತೊಡಗಿದರು. ಮೊದಲು ಗೀಝರು ಬಿಟ್ಟುಹೋಯಿತು. ಆಮೇಲೆ ಇಸ್ತ್ರಿ ಪೆಟ್ಟಿಗೆ. ಆಮೇಲೆ ‘ಮಿಕ್ಸರ್, ಹಗಲಿನಲ್ಲಿ ಮಾತ್ರ’ ಎಂದಾಯಿತು. ಕೊನೆಗೆ ಕಾಗದದ ಮೇಲೆ ಉಳಿದ ಪಟ್ಟಿ ಬಾಯಿಮಾತಿನ ಪಟ್ಟಿಯ ಅರ್ಧದಷ್ಟಿತ್ತು. ಆದರೆ ಅಷ್ಟೂ ನಿಜವಾಗಿತ್ತು. ಆ ಕಾಗದ ಇಂದಿಗೂ ನನ್ನ ಫೈಲಿನಲ್ಲಿದೆ. ಯಾವ ವಸ್ತುವನ್ನೇ ಕೊಳ್ಳಲಿ, ಮಾರುವವನು ಬರೆದುಕೊಡಲು ಒಪ್ಪಿದ ಮಾತಿಗೆ ಮಾತ್ರ ಹಣ ಕೊಡಬೇಕೆಂದು ನಾನು ಕಕ್ಷಿದಾರರಿಗೆ ಹೇಳುವುದುಂಟು.

ಹೀಗೆ ಬಂದದ್ದು ಇಷ್ಟು: 335 ವ್ಯಾಟಿನ ಎರಡು ಫಲಕ, 150 ಆಂಪಿಯರ್-ಗಂಟೆಯ ಎರಡು ಟ್ಯೂಬ್ಯುಲರ್ ಬ್ಯಾಟರಿ, 24 ವೋಲ್ಟಿನ ಒಂದು ಇನ್ವರ್ಟರು. ಸ್ಟ್ಯಾಂಡು, ವೈರು, ಕೂಲಿ ಎಲ್ಲ ಸೇರಿ ಸುಮಾರು 72 ಸಾವಿರ ರೂಪಾಯಿ. ಇನ್ವರ್ಟರು ಶುದ್ಧ ಸೈನ್ ವೇವಿನದ್ದೇ ಇರಬೇಕೆಂದು ಹಟ ಹಿಡಿದೆ. ಅಗ್ಗದ ಚೌಕ ಅಲೆಯ ಇನ್ವರ್ಟರಿಗೆ ಹಚ್ಚಿದ ಫ್ಯಾನು ಗುಂಯ್‌ಗುಡುತ್ತದೆ, ಮೋಟಾರು ಇರುವ ಯಂತ್ರಗಳು ಬಿಸಿಯೇರುತ್ತವೆ. ತಾಯಿಯ ಯಂತ್ರದೊಳಗೂ ಒಂದು ಸಣ್ಣ ಮೋಟಾರು ಇದೆ.

ಇದರ ಬಲವನ್ನೂ ಮಿತಿಯನ್ನೂ ಮನೆಯವರಿಗೆ ತಿಳಿಸುವಾಗ ನನಗೆ ಒದಗಿ ಬಂದದ್ದು ಹಗೇವಿನ ಉಪಮೆ. ನಮ್ಮ ಅಜ್ಜಂದಿರ ಕಾಲದಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಕಣದಲ್ಲಿ ಎಷ್ಟು ರಾಶಿಯಾಯಿತು ಎನ್ನುವುದು ಒಂದು ಮಾತು. ಅದು ನಮ್ಮ ಫಲಕ. ಹಗೇವು ಎಷ್ಟು ಆಳವಿದೆ ಎನ್ನುವುದು ಇನ್ನೊಂದು ಮಾತು; ಅದು ಬ್ಯಾಟರಿ. ಹಗೇವಿನ ಬಾಯಿ ಎಷ್ಟು ಅಗಲ, ಒಮ್ಮೆಗೆ ಎಷ್ಟು ಜೋಳ ಮೇಲೆತ್ತಬಹುದು ಎನ್ನುವುದು ಮೂರನೆಯದು, ಅದು ಇನ್ವರ್ಟರು. ಮೂರರಲ್ಲಿ ಒಂದು ಚಿಕ್ಕದಾದರೂ ಉಳಿದೆರಡು ದೊಡ್ಡದಿದ್ದು ಪ್ರಯೋಜನವಿಲ್ಲ. ದೊಡ್ಡ ಇನ್ವರ್ಟರು ತಂದು ಸಣ್ಣ ಬ್ಯಾಟರಿ ಹಾಕಿಸಿಕೊಂಡವರನ್ನು ನಾನು ನೋಡಿದ್ದೇನೆ. ಬಾಯಿ ಅಗಲ, ಹೊಟ್ಟೆ ಬರಿದು.

ಉಪಮೆ ಇನ್ನೂ ಒಂದು ಹೆಜ್ಜೆ ನಮ್ಮ ಜೊತೆ ಬರುತ್ತದೆ. ಹಗೇವಿನ ಜೋಳವನ್ನು ತಳದವರೆಗೆ ತಿಂದುಬಿಡುವ ಮನೆ ಮುಂದಿನ ವರ್ಷ ಬಿತ್ತುವುದೇನನ್ನು? ಸೀಸ-ಆಮ್ಲದ ಬ್ಯಾಟರಿಯ ಸ್ವಭಾವವೂ ಹಾಗೆಯೇ. 24 ವೋಲ್ಟನ್ನು 150ರಿಂದ ಗುಣಿಸಿದರೆ 3600 ವ್ಯಾಟ್-ಗಂಟೆ, ಅಂದರೆ ಮೂರೂವರೆ ಯುನಿಟ್‌ಗಿಂತ ತುಸು ಹೆಚ್ಚು. ಆದರೆ ಅದರಲ್ಲಿ ಅರ್ಧವನ್ನು ಬೀಜದ ಜೋಳವೆಂದು ತಿಳಿದು ಮುಟ್ಟದಿರುವುದೇ ಲೇಸು. ಪ್ರತಿದಿನ ತಳ ಕಾಣುವಂತೆ ಬಳಸಿದರೆ ಐದು ವರ್ಷ ಬಾಳುವ ಬ್ಯಾಟರಿ ಎರಡೇ ವರ್ಷಕ್ಕೆ ಕೈಕೊಡುತ್ತದೆ. ಉಳಿದ 1800ರಲ್ಲಿ ಇನ್ವರ್ಟರಿನ ನಷ್ಟ ಕಳೆದರೆ ರಾತ್ರಿಯ ಖರ್ಚಿಗೆ ಸಿಗುವುದು 1500ರಷ್ಟು. ನಮ್ಮ ಇಡೀ ರಾತ್ರಿಯ ಸಂಸಾರ ನಡೆಯಬೇಕಾದದ್ದು ಈ ಒಂದೂವರೆ ಯುನಿಟ್ಟಿನಲ್ಲಿ.

ಹಗಲಿನ ಆದಾಯವೂ ಫಲಕದ ಹಿಂದೆ ಬರೆದಷ್ಟಿರುವುದಿಲ್ಲ. ಎರಡೂ ಸೇರಿ 670 ವ್ಯಾಟ್ ಎಂಬುದು ಪ್ರಯೋಗಶಾಲೆಯ ಅಳತೆ. ಫಲಕದ ಉಷ್ಣತೆ 25 ಡಿಗ್ರಿ ಇರುವಾಗಿನದು. ನಮ್ಮ ಸೊಲ್ಲಾಪುರ ಸೀಮೆಯ ಏಪ್ರಿಲ್ ಮಧ್ಯಾಹ್ನ ಗಾಳಿಯೇ 40 ದಾಟಿರುತ್ತದೆ, ಫಲಕದ ಮೈ 60 ಮುಟ್ಟುತ್ತದೆ. ಬಿಸಿಲು ಹೆಚ್ಚಾದಷ್ಟೂ ಕರೆಂಟು ಹೆಚ್ಚು ಎಂದು ಜನ ತಿಳಿದಿರುತ್ತಾರೆ. ಬೆಳಕು ಬೇಕು, ಶಾಖ ಬೇಡ. ಒಂದೊಂದು ಡಿಗ್ರಿ ಏರಿದಂತೆ ಉತ್ಪತ್ತಿ ಶೇಕಡಾ 0.4ರಷ್ಟು ಇಳಿಯುತ್ತ ಹೋಗುತ್ತದೆ. ಹೀಗಾಗಿ ತಂಪು ಗಾಳಿ, ತಿಳಿ ಆಕಾಶ ಇರುವ ಜನವರಿಯ ಮಧ್ಯಾಹ್ನ ನಮ್ಮ ಮೀಟರು ತೋರಿಸುವ ಅಂಕಿ ಬೇಸಿಗೆಯ ಮಧ್ಯಾಹ್ನದ ಅಂಕಿಗಿಂತ ಎಷ್ಟೋ ಸಲ ಮೇಲಿರುತ್ತದೆ. ವರ್ಷದ ಸರಾಸರಿ ತೆಗೆದರೆ ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲು ಎಂದು ಹಿಡಿಯಬಹುದು. 670ನ್ನು ಐದರಿಂದ ಗುಣಿಸಿ, ಶಾಖ, ಧೂಳು, ವೈರು, ಬ್ಯಾಟರಿಗಳ ನಷ್ಟವೆಂದು ಮೂರನೆಯ ಒಂದು ಪಾಲಿನಷ್ಟು ಕಳೆದರೆ 2300 ವ್ಯಾಟ್-ಗಂಟೆಯ ಆಸುಪಾಸು. ಕಡಿಮೆ ಬಿದ್ದದ್ದನ್ನು ಲೈನು ಇರುವಾಗ ಅದು ತುಂಬಿಕೊಡುತ್ತದೆ.

ಇಲ್ಲಿ ಭಾಷೆಯ ಮಾತು ಒಂದಿಷ್ಟು. ಆಡುಮಾತಿನಲ್ಲಿ ನಮಗೆ ಎಲ್ಲದಕ್ಕೂ ಶಬ್ದ ಒಂದೇ, ‘ಕರೆಂಟು’. ಕರೆಂಟು ಹೋಯಿತು, ಕರೆಂಟು ತಿನ್ನುತ್ತದೆ, ಕರೆಂಟು ಹೊಡೆಯಿತು. ಒಂದು ಯಂತ್ರ ಒಂದು ಕ್ಷಣದಲ್ಲಿ ಎಷ್ಟು ಎಳೆಯುತ್ತದೆ ಎನ್ನುವುದೂ, ದಿನವಿಡೀ ಒಟ್ಟು ಎಷ್ಟು ಬಳಸಿತು ಎನ್ನುವುದೂ ಬೇರೆ ಬೇರೆ ಎಂಬುದು ಈ ಒಂದೇ ಶಬ್ದದೊಳಗೆ ಅಡಗಿಬಿಡುತ್ತದೆ. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕ ಅಚ್ಚು ಹಾಕುವುದರಿಂದ ನಮ್ಮ ಮಕ್ಕಳು ವಿಜ್ಞಾನವನ್ನು ಕನ್ನಡದಲ್ಲಿಯೇ ಓದುತ್ತಾರೆ. ಅಲ್ಲಿ ಈ ಭೇದ ಸ್ಪಷ್ಟವಾಗಿದೆ. ವ್ಯಾಟ್ ಬೇರೆ, ವ್ಯಾಟ್‌ಗೆ ಗಂಟೆ ಸೇರಿದ್ದು ಬೇರೆ. ಅಂಗಡಿಯವರ ಪುಸ್ತಿಕೆ ಇಂಗ್ಲಿಷಿನಲ್ಲಿತ್ತು, ಅದರ ಒಂದು ಹಾಳೆ ಮರಾಠಿಯಲ್ಲಿತ್ತು. ಮನೆಯ ಎಲ್ಲರಿಗೂ ತಿಳಿಯುವ ಲೆಕ್ಕ ಬೇಕಿದ್ದರೆ ಅದನ್ನು ನಾವೇ ಕನ್ನಡದಲ್ಲಿ ಬರೆದುಕೊಳ್ಳಬೇಕಾಗಿತ್ತು.

ಆ ಕೆಲಸವನ್ನು ಮಗಳು ವಹಿಸಿಕೊಂಡಳು. ಸಾಕೆಟ್ಟಿಗೂ ಯಂತ್ರಕ್ಕೂ ನಡುವೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರೊಂದನ್ನು ತಂದುಕೊಟ್ಟೆ. ಎರಡು ವಾರ ಅವಳೂ ತಮ್ಮನೂ ಮನೆಯ ಒಂದೊಂದೇ ವಸ್ತುವನ್ನು ಅದರ ಮೂಲಕ ಹಚ್ಚಿ ವಹಿಯಲ್ಲಿ ಬರೆದರು. ಸಾಧಾರಣ ಫ್ಯಾನು 75 ವ್ಯಾಟ್, ಬಿಎಲ್‌ಡಿಸಿ ಫ್ಯಾನು 30. ಅದೇ ಗಾಳಿ, ಅರ್ಧಕ್ಕಿಂತ ಕಡಿಮೆ ಖರ್ಚು. ಮೂರು ಫ್ಯಾನನ್ನೂ ಬದಲಾಯಿಸಿದೆವು; ಇನ್ನೊಂದು ಫಲಕ ಕೊಳ್ಳುವುದಕ್ಕಿಂತ ಅದು ಅಗ್ಗವಾಯಿತು. ಎಲ್‌ಇಡಿ ದೀಪ 9 ವ್ಯಾಟ್. ಟಿವಿ 50. ಶೇಂಗಾ ಹಿಂಡಿ ಕುಟ್ಟುವ ಬದಲು ತಿರುವಿಕೊಳ್ಳುವ ಮಿಕ್ಸರು 500. ಆದರೆ ಅದು ಓಡುವುದು ಹತ್ತು ನಿಮಿಷ, ಅಂದರೆ 80ರ ಸುತ್ತಮುತ್ತ. ಫ್ರಿಜ್ಜಿನ ಬಾಗಿಲ ಮೇಲೆ ನಕ್ಷತ್ರಗಳಿರುವ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯುನಿಟ್ ಎಂದು ಬರೆದಿರುತ್ತದೆ. ಅದನ್ನು 365ರಿಂದ ಭಾಗಿಸಿದರೆ ದಿನದ ಅಂದಾಜು ಸಿಗುತ್ತದೆ. ನಮ್ಮದು ಹಳೆಯದು, ಮೀಟರಿನಲ್ಲಿ ದಿನಕ್ಕೆ 550 ಬಂತು.

ಆಶ್ಚರ್ಯ ಹುಟ್ಟಿಸಿದ್ದು ಸದ್ದಿಲ್ಲದೆ ಉಣ್ಣುವವರು. ಮೂಲೆಯಲ್ಲಿ ಹಸಿರು ಕಣ್ಣು ಮಿಟುಕಿಸುತ್ತ ಕುಳಿತ ವೈ-ಫೈ ಪೆಟ್ಟಿಗೆ ಬರೀ 10 ವ್ಯಾಟ್; ಆದರೆ 24 ಗಂಟೆ. ದಿನಕ್ಕೆ 240. ಟಿವಿಯನ್ನು ಎರಡು ಗಂಟೆ ನೋಡಿದರೆ ಆಗುವ ಖರ್ಚಿನ ಎರಡು ಪಟ್ಟಿಗಿಂತ ಹೆಚ್ಚು! ಇನ್ವರ್ಟರು ತಾನೇ ಏನೂ ಕೆಲಸವಿಲ್ಲದೆ ಎಚ್ಚರವಾಗಿರುವುದಕ್ಕೆ 20 ವ್ಯಾಟ್ ತೆಗೆದುಕೊಳ್ಳುತ್ತದೆ. ದಿನಕ್ಕೆ 480, ಒಂದು ಫ್ರಿಜ್ಜಿನ ಹತ್ತಿರ ಬಂತು. ಕಾವಲುಗಾರನ ಸಂಬಳ ಎಂದಳು ಮಗಳು.

ಇನ್ನು ನಡೆಯದವು. ಗೀಝರು 2000 ವ್ಯಾಟ್. ನಮ್ಮ ಇನ್ವರ್ಟರಿನ ಬಾಯಿಯೇ ಅಷ್ಟು ಅಗಲವಿಲ್ಲ, ಹಚ್ಚಿದರೆ ಕೂಗಿ ಬಂದಾಗುತ್ತದೆ. ಬಿಸಿನೀರಿಗೆ ಸೌರ ನೀರು-ಕಾಯಿಸುವ ಟ್ಯಾಂಕೇ ಬೇರೆ ಇದೆ. ಬಿಸಿಲಿನಿಂದ ವಿದ್ಯುತ್ತು ಮಾಡಿ, ವಿದ್ಯುತ್ತಿನಿಂದ ಮತ್ತೆ ಬಿಸಿ ಮಾಡುವುದು ಹಾಲನ್ನು ಪೇಡೆ ಮಾಡಿಸಿ ಮತ್ತೆ ನೀರಲ್ಲಿ ಕದಡಿ ಕುಡಿದಂತೆ. ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್, ಅರ್ಧ ಗಂಟೆಗೆ ದಿನದ ಆದಾಯದ ಐದನೆಯ ಒಂದು ಪಾಲು. ನನ್ನ ಕೋರ್ಟಿನ ಬಿಳಿ ಅಂಗಿಗಳಿಗೆ ಭಾನುವಾರ ಮಧ್ಯಾಹ್ನ, ಬ್ಯಾಟರಿ ತುಂಬಿ ಬಿಸಿಲು ವ್ಯರ್ಥವಾಗುತ್ತಿರುವ ಹೊತ್ತಿನಲ್ಲಿ ಮಾತ್ರ ಅನುಮತಿ. ನೀರಿನ ಮೋಟಾರು ಓಡುವಾಗ ಎಳೆಯುವುದಕ್ಕಿಂತ ಹೊರಡುವ ಕ್ಷಣದಲ್ಲಿ ಹಲವು ಪಟ್ಟು ಎಳೆಯುತ್ತದೆ. ಹೇರಿದ ಬಂಡಿ ಕೆಸರಿನಿಂದ ಮೇಲೇಳುವಾಗ ಎತ್ತು ಹಾಕುವ ಬಲದಂತೆ. ಅದನ್ನು ಲೈನಿಗೇ ಬಿಟ್ಟಿದ್ದೇವೆ.

ಒಂದನ್ನು ವಿಶೇಷವಾಗಿ ಹೇಳಬೇಕು. 2021ರ ಕೊರೊನಾ ಅಲೆಯ ನಂತರ ಕೆಲವು ಮನೆಗಳಲ್ಲಿ ಆಕ್ಸಿಜನ್ ಕಾನ್ಸೆಂಟ್ರೇಟರ್ ಉಳಿದುಕೊಂಡಿದೆ. ನೆಬ್ಯುಲೈಸರ್ ನಡೆಯುತ್ತದೆಂದ ಮೇಲೆ ಅದೂ ನಡೆದೀತು ಎಂದು ಒಬ್ಬರು ಕೇಳಿದರು. ಅದು 300 ವ್ಯಾಟಿನ ಮೇಲೆ, ಅದೂ ಗಂಟೆಗಟ್ಟಲೆ ಎಡೆಬಿಡದೆ. ಎಂಟು ಗಂಟೆಗೆ 2400 ದಾಟುತ್ತದೆ. ನಮ್ಮ ಇಡೀ ದಿನದ ರಾಶಿ ಅದಕ್ಕೇ ಸಾಲದು. ಅಂಥ ರೋಗಿಯಿರುವ ಮನೆಯವರು ನಮ್ಮಂಥ ಸಣ್ಣ ವ್ಯವಸ್ಥೆಯನ್ನು ನಂಬಿ ಕೂಡಬಾರದು. ಪಕ್ಕದಲ್ಲಿ ತುಂಬಿದ ಸಿಲಿಂಡರು ಇರಲೇಬೇಕು.

ಈಚೆಗೆ ಕಚೇರಿಗೆ ಬರುವ ದೂರುಗಳಲ್ಲಿ ಒಂದು ಹೊಸ ಬಗೆಯದು ಸೇರಿದೆ. ಮಾಳಿಗೆಯ ಮೇಲೆ 3 ಕಿಲೋವ್ಯಾಟ್ ಫಲಕ ಹಾಕಿಸಿಕೊಂಡವರು ಬಂದು, “ಮೋಸ ಆಗೇದ್ರಿ, ಹೊರಗ ಕೆಂಡದಂಥ ಬಿಸಲದ, ಲೈನ್ ಹೋದ್ರ ಮನಿಯೊಳಗ ಫ್ಯಾನ್ ಸುದ್ದಾ ತಿರುಗೂದಿಲ್ಲ” ಎನ್ನುತ್ತಾರೆ. ಅದು ಮೋಸವಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಅದರ ಮೇಲಿನದಕ್ಕೆ 78 ಸಾವಿರ ರೂಪಾಯಿ ಅನುದಾನವಿದೆ. ಆದರೆ ಅದು ವಿದ್ಯುತ್ ಕಂಪನಿಯ ಜಾಲಕ್ಕೆ ಜೋಡಿಸಿದ ವ್ಯವಸ್ಥೆಗೆ. ಅಲ್ಲಿ ಬ್ಯಾಟರಿ ಇರಬೇಕೆಂದಿಲ್ಲ. ಹಗಲು ಹೆಚ್ಚಾದದ್ದು ತಂತಿಗೆ ಹೋಗುತ್ತದೆ, ರಾತ್ರಿ ಬಳಸಿದ್ದಕ್ಕೆ ವಜಾ ಆಗುತ್ತದೆ. ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ಅದರ ಇನ್ವರ್ಟರೂ ನಿಲ್ಲಲೇಬೇಕು. ನಿಲ್ಲದಿದ್ದರೆ ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ನಿಗೆ ನಮ್ಮ ಮಾಳಿಗೆಯ ಕರೆಂಟು ಹೊಡೆಯುತ್ತದೆ. ಬಿಲ್ಲು ಇಳಿಯಬೇಕೋ, ಕತ್ತಲೆ ಹೋಗಬೇಕೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡು ಅಂಗಡಿಗೆ ಹೋಗಬೇಕು. ಎರಡೂ ಬೇಕೆಂದರೆ ಬ್ಯಾಟರಿಯಿರುವ ಹೈಬ್ರಿಡ್ ವ್ಯವಸ್ಥೆ ಸಿಗುತ್ತದೆ, ಬೆಲೆ ಬೇರೆ. ನಿಜವಾಗಿಯೇ ದೋಷವಿರುವ ಸಾಮಾನು ಕೊಟ್ಟಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಕೊಂಡವನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಮಾರಿದವನ ಊರಿಗೆ ಅಲೆಯಬೇಕಿಲ್ಲ. ಅವಧಿ ಎರಡು ವರ್ಷ. ಬಿಲ್ಲಿನ ಮೇಲೆ ಫಲಕ, ಬ್ಯಾಟರಿಗಳ ಕ್ರಮಸಂಖ್ಯೆ ಬರೆಯಿಸಿಕೊಂಡಿದ್ದರೆ ಅರ್ಧ ಕೆಲಸ ಆದಂತೆ.

ಆರೈಕೆ ಹೆಚ್ಚಿಲ್ಲ. ಫಲಕದ ಮೇಲಿನ ಧೂಳನ್ನು ಹೊತ್ತೇರುವ ಮೊದಲೇ ಒರೆಸಬೇಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ನಮ್ಮ ಬೋರಿನ ಸವಳು ನೀರು ಬಿಳಿ ಕಲೆ ಬಿಡುತ್ತದೆ, ಒಣ ಬಟ್ಟೆಯಿಂದ ಒರೆಸಿ ಮುಗಿಸಬೇಕು. ಮುಖ ದಕ್ಷಿಣಕ್ಕೆ, ಓರೆ ನಮ್ಮ ಅಕ್ಷಾಂಶದಷ್ಟು, ಅಂದರೆ ಹದಿನೇಳು ಡಿಗ್ರಿಯ ಆಸುಪಾಸು. ಬೇವಿನ ಒಂದು ಟೊಂಗೆಯ ನೆರಳು ಬಿದ್ದರೂ ಉತ್ಪತ್ತಿ ನೆರಳಿನ ಅಳತೆಗಿಂತ ಬಹಳ ಹೆಚ್ಚು ಕುಸಿಯುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಮಾತ್ರ. ತುಂಬುವಾಗ ಅದರಿಂದ ಹೊರಡುವ ಅನಿಲಕ್ಕೆ ಬೆಂಕಿ ಹತ್ತಬಲ್ಲದು. ದೇವರ ಕೋಣೆಯ ಪಕ್ಕ, ಮಲಗುವ ಮನೆಯಲ್ಲಿ ಅದನ್ನು ಇಡಬಾರದು.

ಕಳೆದ ತಿಂಗಳು ಉತ್ತರಿ ಮಳೆ ಹಿಡಿದಾಗ ಈ ಲೆಕ್ಕಕ್ಕೆ ನಿಜವಾದ ಪರೀಕ್ಷೆ ಬಂತು. ನಮ್ಮ ಭಾಗಕ್ಕೆ ಹೆಚ್ಚಿನ ಮಳೆ ಬರುವುದೇ ಸೆಪ್ಟೆಂಬರಿನಲ್ಲಿ. ಗಾಳಿಗೆ ಕಂಬವೊಂದು ಉರುಳಿ ಲೈನು ಹೋಯಿತು. ಹೊಲದ ಲೈನು, ಕೆಸರಿನ ದಾರಿ, ನಾಲ್ಕು ದಿನ ಬರಲಿಲ್ಲ. ಆಕಾಶ ಮುಚ್ಚಿಕೊಂಡೇ ಇತ್ತು. ಫಲಕದಿಂದ ದಿನಕ್ಕೆ ಬರುತ್ತಿದ್ದದ್ದು 500ರಿಂದ 600. ಮಗಳ ಪ್ರಥಮ ಸತ್ರದ ಪರೀಕ್ಷೆ ಹತ್ತಿರವಿತ್ತು. ನಮ್ಮ ರಾಜ್ಯದ ಪಠ್ಯಕ್ರಮಕ್ಕೆ ಕನ್ನಡದಲ್ಲಿ ಗೈಡು, ಕ್ಲಾಸು ಸಿಗುವುದು ಎಷ್ಟು ಅಪರೂಪವೆಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಿಲ್ಲ. ಅವರ ಗುರುಗಳು ಫೋನಿನಲ್ಲಿ ಕಳಿಸುವ ಟಿಪ್ಪಣಿಗಳೇ ಮಕ್ಕಳಿಗೆ ಆಧಾರ. ಆದ್ದರಿಂದ ದೀಪವೂ ಬೇಕು, ಟ್ಯಾಬೂ ಬೇಕು.

ಎರಡನೆಯ ರಾತ್ರಿ ಬ್ಯಾಟರಿಯ ಸೂಚಕ ಅರ್ಧಕ್ಕಿಂತ ಕೆಳಗಿಳಿದಿತ್ತು. ಇನ್ವರ್ಟರು ಆಗಾಗ ಕೂಗುತ್ತಿತ್ತು. ನಡುರಾತ್ರಿ ನನ್ನ ಹೆಂಡತಿಗೆ ಎಚ್ಚರವಾಗಿ ನೋಡಿದರೆ, ತಾಯಿ ಹಾಸಿಗೆಯಲ್ಲಿ ಎದ್ದು ಗೋಡೆಗೆ ಒರಗಿ ಕುಳಿತಿದ್ದರು. ಎದೆಯೊಳಗಿನ ಸುಂಯ್ ಎಂಬ ಸದ್ದು ಪಡಸಾಲೆಯವರೆಗೆ ಕೇಳುತ್ತಿತ್ತು. ರಾತ್ರಿಯ ಔಷಧವನ್ನು ಅವರು ತೆಗೆದುಕೊಂಡಿರಲಿಲ್ಲ. ಅಂದಿನದಷ್ಟೇ ಅಲ್ಲ, ಹಿಂದಿನ ರಾತ್ರಿಯದೂ ಇಲ್ಲ. ಯಂತ್ರ ಹಚ್ಚಿ, ಮುಖವಾಡ ಕಟ್ಟಿ, ಹದಿನೈದು ನಿಮಿಷ ಬೆನ್ನು ನೀವುತ್ತ ಕುಳಿತೆವು. ಉಸಿರು ಹದಕ್ಕೆ ಬಂದ ಮೇಲೆ ಕೇಳಿದೆ, “ಯಾಕವ್ವಾ, ಮಷೀನ್ ಯಾಕ ಹಚ್ಚಿಕೊಳ್ಳಲಿಲ್ಲ?”

“ಅದು ಭಾಳ ಆವಾಜ ಮಾಡ್ತದಪ್ಪಾ, ಭಾಳ ಕರೆಂಟ್ ತಿಂತದ,” ಎಂದರು. “ಪೋರಿ ಓದ್ಲಿ ಬಿಡು. ನಂದೇನದ.”

ನಾನು ಇಪ್ಪತ್ತು ವರ್ಷಗಳಿಂದ ವಾಟಣಿಯ ದಾವೆಗಳನ್ನು ನಡೆಸುತ್ತಿದ್ದೇನೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕಿದೆ. ಆದರೂ ನಮ್ಮ ಕಡೆ ‘ಹಕ್ಕಸೋಡ ಪತ್ರ’ ಎನ್ನುವ ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಬರುವ ಅಕ್ಕತಂಗಿಯರನ್ನು ಎಷ್ಟೋ ಮಂದಿಯನ್ನು ಕಂಡಿದ್ದೇನೆ. ಪಾಲು ಎಷ್ಟೆಂದು ಅವರು ಕೇಳುವುದಿಲ್ಲ. ‘ಅಣ್ಣಗ ಇರ್ಲಿ ಬಿಡ್ರಿ’ ಎನ್ನುತ್ತಾರೆ. ಬಿಡುತ್ತಿರುವುದು ಎಷ್ಟು ಎಂದು ತಿಳಿದು ಬಿಟ್ಟರೆ ಅದು ದಾನ. ತಿಳಿಯದೆ ಬಿಟ್ಟರೆ ಅದನ್ನು ಏನೆಂದು ಕರೆಯಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ. ಆ ರಾತ್ರಿ ಹತ್ತಿರ ಯಾವ ಕಾಗದವೂ ಇರಲಿಲ್ಲ, ಸಾಕ್ಷಿದಾರರೂ ಇರಲಿಲ್ಲ. ಎರಡು ದಿನ ನಮ್ಮ ತಾಯಿ ತಮ್ಮ ಉಸಿರಿನ ಪಾಲನ್ನು ಮೊಮ್ಮಗಳಿಗೆ ಬಿಟ್ಟುಕೊಟ್ಟು ಕತ್ತಲಲ್ಲಿ ಕುಳಿತಿದ್ದರು.

ಬೆಳಿಗ್ಗೆ ಮಗಳು ತನ್ನ ವಹಿ ತಂದು ಆಯಿಯ ಪಕ್ಕ ಕುಳಿತಳು. ನೆಬ್ಯುಲೈಸರ್ 120 ವ್ಯಾಟ್. ಕಾಲು ಗಂಟೆಗೆ 30. ಅವಳು ಓದುವ ದೀಪ 9 ವ್ಯಾಟ್. ಮೂರು ಗಂಟೆಗೆ 27. “ಆಯಿ, ನಿಂದೂ ನಂದೂ ಸರಿಸಮ ಅದ ನೋಡು,” ಎಂದಳು. ನಮ್ಮ ತಾಯಿ ಇದೇ ಊರಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವರು, ಅಂಕಿ ಬಲ್ಲವರು. ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿಕೊಂಡರು. ಫ್ರಿಜ್ಜಿನ ಸಾಲಿಗೆ ಬಂದು ನಿಂತರು. “ಇದು ಐದುನೂರಾ ಐವತ್ತು?” ಹೌದು ಎಂದಳು. “ಇದು ಸುಮ್ಮಕ ನಿಂತಿರ್ತದಲ್ಲ!” ಅವರಿಗೆ ಅದು ನಂಬಲಾಗದ ಸಂಗತಿ. ತಮ್ಮ ಯಂತ್ರ ಗೊರಗೊರ ಎಂದು ಮನೆಯನ್ನೆಲ್ಲ ಎಬ್ಬಿಸುತ್ತದೆ. ಆದ್ದರಿಂದ ಅದೇ ಎಲ್ಲವನ್ನೂ ತಿನ್ನುತ್ತದೆ ಎಂದು ಅವರು ತೀರ್ಮಾನಿಸಿದ್ದರು. ಸದ್ದು ಮಾಡುವವನ ಮೇಲೆಯೇ ಆರೋಪ ಹೊರಿಸುವುದು ಅವರೊಬ್ಬರ ಸ್ವಭಾವವೇನೂ ಅಲ್ಲ.

ಕೂಡಲೇ ಅವರೇ ಆಜ್ಞೆ ಕೊಟ್ಟರು: “ಮೊದಲ ಅದನ್ನ ಬಂದ್ ಮಾಡ್ರಿ.” ಫ್ರಿಜ್ಜು ನಿಂತಿತು. ಹಾಲಿಗೆ ಹೆಪ್ಪು ಹಾಕಿದೆವು, ಕಾಯಿಪಲ್ಲೆಯನ್ನು ಒದ್ದೆ ಅರಿವೆಯಲ್ಲಿ ಸುತ್ತಿಟ್ಟೆವು. ಟಿವಿ ಮುಚ್ಚಿತು, ಮಗ ಒಂದು ಗಂಟೆ ಮುನಿಸಿಕೊಂಡ. ವೈ-ಫೈ ಸಂಜೆ ಒಂದು ತಾಸು, ಗುರುಗಳ ಟಿಪ್ಪಣಿ ಇಳಿಸಿಕೊಳ್ಳುವಷ್ಟು ಹೊತ್ತು. ಮಳೆಯ ತಂಪಿಗೆ ಫ್ಯಾನು ಬೇಕಿರಲಿಲ್ಲ. ಕಾವಲುಗಾರನಿಗೂ ರಜೆ ಕೊಟ್ಟೆವು. ಬೇಕಾದ ಎಂಟು ಗಂಟೆ ಬಿಟ್ಟರೆ ಇನ್ವರ್ಟರು ಬಂದ್. ಎರಡು ದೀಪಕ್ಕೆ 90, ನೆಬ್ಯುಲೈಸರಿಗೆ ಎರಡು ಸಲಕ್ಕೆ 60, ಫೋನು-ಟ್ಯಾಬಿಗೆ 70, ವೈ-ಫೈಗೆ 10, ಇನ್ವರ್ಟರಿಗೆ 160. ಒಟ್ಟು 390. ಮೋಡದ ದಿನದ ಆದಾಯದಲ್ಲಿ ಅಷ್ಟೂ ನಡೆದು, ಬ್ಯಾಟರಿಗೆ ಪ್ರತಿದಿನ ಒಂದು ಹಿಡಿ ಜಮೆಯೂ ಆಯಿತು. ನಾಲ್ಕನೆಯ ದಿನ ಸಂಜೆ ಲೈನು ಬಂದಾಗ ಸೂಚಕ ಮತ್ತೆ ಅರ್ಧದ ಗೆರೆಯ ಹತ್ತಿರ ಏರಿತ್ತು.

ಈಗ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದ ಒಂದು ಪಟ್ಟಿ ಅಂಟಿಸಿದ್ದೇವೆ. ಎಡಕ್ಕೆ ಯಂತ್ರದ ಹೆಸರು, ಬಲಕ್ಕೆ ಒಂದು ಸಲಕ್ಕೆ ಅಥವಾ ಒಂದು ದಿನಕ್ಕೆ ಆಗುವ ಖರ್ಚು. ಮೋಡದ ದಿನಗಳಲ್ಲಿ ಯಾವುದು ಮೊದಲು ನಿಲ್ಲಬೇಕು ಎಂಬ ಕ್ರಮ ಕೆಳಗೆ. ‘ಆಯಿಯ ಮಷೀನು’ ಎಂಬುದು ಮೇಲಿನ ಸಾಲು, ಅದು ನಿಲ್ಲುವವರ ಯಾದಿಯಲ್ಲಿ ಇಲ್ಲವೇ ಇಲ್ಲ. ಹೀಗೆ ಬರೆದಿಟ್ಟದ್ದರ ಒಂದು ಪರಿಣಾಮವನ್ನು ನಾವು ಎಣಿಸಿರಲಿಲ್ಲ. ಮೊನ್ನೆ ರಾತ್ರಿ ಎಂಟೂವರೆಗೆ ಲೈನು ಹೋಗಿ, ಟಿವಿ ಬೇಡವೆಂದು ನಾನು ಹೇಳಿದಾಗ ತಾಯಿ ಗೋಡೆಯ ಕಡೆ ಕೈ ಮಾಡಿ, ಟಿವಿ ಅರ್ಧ ತಾಸಿಗೆ 25, ರಾತ್ರಿ ವೈ-ಫೈ ಆರಿಸಿದರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ, ನನ್ನ ಧಾರಾವಾಹಿ ಹಚ್ಚು ಎಂದರು. ವಾದ ಸರಿಯಿತ್ತು. ಹಚ್ಚಿದೆವು.

ಬ್ಯಾಟರಿಗಳಿಗೆ ಐದು ವರ್ಷ ತುಂಬಿದೆ, ಮೊದಲಿನಷ್ಟು ಹಿಡಿಯುತ್ತಿಲ್ಲ. ದೀಪಾವಳಿಯ ನಂತರ ಬದಲಿಸಬೇಕು. ಲಿಥಿಯಂನದನ್ನು ತರಬೇಕೆಂದು ಮಗ ಹಟ ಹಿಡಿದಿದ್ದಾನೆ: ನೀರು ಹಾಕುವ ಕೆಲಸವಿಲ್ಲ, ಸಂಗ್ರಹದ ಬಹುಪಾಲನ್ನು ಬಳಸಬಹುದು, ಬಾಳಿಕೆಯೂ ಹೆಚ್ಚು. ಬೆಲೆ ಮಾತ್ರ ಕೈ ಕಡಿಯುವಂಥದ್ದು. ಹಳೆಯ ಇನ್ವರ್ಟರಿಗೆ ಅದು ಹೊಂದುತ್ತದೆಯೇ ಎಂಬುದನ್ನೂ ಬರೆಯಿಸಿಕೊಳ್ಳಬೇಕು. ಟ್ಯೂಬ್ಯುಲರೇ ಇರಲಿ, ಉಳಿದ ಹಣದಲ್ಲಿ ಹೊಸ ಫ್ರಿಜ್ಜು ತಂದರೆ ದಿನಕ್ಕೆ ಇನ್ನೂರರ ಹತ್ತಿರ ಉಳಿಯುತ್ತದೆ ಎಂಬುದು ನನ್ನ ಹೆಂಡತಿಯ ಮತ. ಮಗಳದು ಒಂದೇ ಬೇಡಿಕೆ: ಯಾವುದನ್ನಾದರೂ ತನ್ನಿ, ಮಾರ್ಚ್ ಪರೀಕ್ಷೆಗಿಂತ ಮೊದಲು ತನ್ನಿ. ಇಬ್ಬರು ಅಂಗಡಿಯವರಿಂದ ದರಪಟ್ಟಿ ತರಿಸಿದ್ದೇನೆ. ಒಬ್ಬರು ಕ್ರಮಸಂಖ್ಯೆ, ವಾರಂಟಿಯ ತಿಂಗಳು ಎಲ್ಲ ಬರೆದು ಸಹಿ ಮಾಡಿ ಕಳಿಸಿದ್ದಾರೆ. ಇನ್ನೊಬ್ಬರು ಫೋನಿನಲ್ಲಿ, “ಎಲ್ಲಾ ನಡೀತದ್ರಿ” ಎಂದಿದ್ದಾರೆ.